ಒತ್ತಡ, ಹಿಡಿತ, ನೆಮ್ಮದಿ
(ದತ್ತಿ ಉಪನ್ಯಾಸದ ಲಿಖಿತ ರೂಪ)



ಮನಶ್ಶಾಸ್ತ್ರದ ಒಂದು ವಿಷಯವನ್ನು ಕನ್ನಡದಲ್ಲೇ ಮಾತಾಡಬೇಕು ಎಂದು ಬಯಸಿ ಈ ದತ್ತಿ ಇಟ್ಟವರಿಗೆ ಮೊದಲು ನಮಸ್ಕಾರ. ನಮ್ಮ ಜನ ಮನಸ್ಸಿನ ನೋವನ್ನು ತಮ್ಮ ಭಾಷೆಯಲ್ಲಿ ಉಣ್ಣುತ್ತಾರೆ. ಅದರ ಬಗ್ಗೆ ತಿಳಿವಳಿಕೆ ಬೇಕೆಂದಾಗ ಮಾತ್ರ ಇಂಗ್ಲಿಷ್ ಪುಸ್ತಕದ ಮುಂದೆ ನಿಲ್ಲಬೇಕಾಗುತ್ತದೆ. ಈ ಸ್ಥಿತಿ ಬದಲಾಗಲು ಇಂಥ ಸಭೆಗಳು ಇನ್ನೂ ಬೇಕು.

ಇವತ್ತಿನ ವಿಷಯ ಕೋಚಿಂಗ್ ಮನೋವಿಜ್ಞಾನ. ಸಿಇಟಿ, ನೀಟ್ ಪರೀಕ್ಷೆಗೆ ಪಾಠ ಹೇಳುವ ಕೋಚಿಂಗ್ ಅಲ್ಲ. ಕಾಯಿಲೆ ಎನ್ನುವಂಥದ್ದು ಇಲ್ಲದೆಯೂ ಕೆಲಸದ ಭಾರದಲ್ಲಿ ದಿನೇ ದಿನೇ ಸೊರಗುತ್ತಿರುವವರ ಜೊತೆ ಕೂತು, ಅವರಿಗೆ ಬೇಕಾದ್ದೇನು, ಅದಕ್ಕಿರುವ ದಾರಿ ಯಾವುದು ಎಂಬುದು ಅವರ ಬಾಯಿಂದಲೇ ಬರುವಂತೆ ಮಾಡುವ ಕೆಲಸ ಇದು. ಇದರ ಹಿಂದೆ ಯಾವ ಶಾಸ್ತ್ರವಿದೆ, ಉಪಯೋಗ ಎಷ್ಟು, ಎಲ್ಲಿಗೆ ಇದರ ಶಕ್ತಿ ಮುಗಿಯುತ್ತದೆ ಎನ್ನುವುದನ್ನು ಹೇಳಲು ಬಂದಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲಸ ಹೆಚ್ಚಿದ್ದ ಮಾತ್ರಕ್ಕೆ ಮನುಷ್ಯರು ಕುಸಿಯುವುದಿಲ್ಲ. ಮಾಡುವ ಕೆಲಸದ ಮೇಲೆ ಹಿಡಿತವಿಲ್ಲದೆ, ದಣಿದ ಮೈ ಸುಧಾರಿಸಿಕೊಳ್ಳಲು ಬಿಡುವೂ ಇಲ್ಲದೆ ವರ್ಷಗಟ್ಟಲೆ ದುಡಿದವರು ಕುಸಿಯುತ್ತಾರೆ. ಕೈ ತಪ್ಪಿದ ಹಿಡಿತವನ್ನು ಮರಳಿ ಪಡೆಯಲು ಕೋಚ್ ನೆರವಾಗಬಲ್ಲರು. ಆದರೆ ಕೆಲಸ ಕೊಟ್ಟವರೇ ಕಿತ್ತುಕೊಂಡ ಹಿಡಿತವನ್ನು ಕೋಚ್ ತಂದುಕೊಡಲಾರರು.

ಮೈಗೆ ಏನಾಗುತ್ತದೆ ಎಂಬುದರಿಂದ ಶುರುಮಾಡೋಣ. 1936ರಲ್ಲಿ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಚಿಕ್ಕ ಬರಹ ಪ್ರಕಟಿಸಿದರು. ಪ್ರಯೋಗದ ಇಲಿಗಳಿಗೆ ಚಳಿಯೇ ಇರಲಿ, ಗಾಯವೇ ಇರಲಿ, ವಿಪರೀತ ಓಡಾಟವೇ ಇರಲಿ, ಪೆಟ್ಟು ಯಾವುದಾದರೂ ಮೈ ಅದಕ್ಕೆ ಸ್ಪಂದಿಸುವ ಕ್ರಮ ಒಂದೇ ಎಂದು ಅವರು ಕಂಡರು. ಮೊದಲು ಎಚ್ಚೆತ್ತುಕೊಳ್ಳುತ್ತದೆ, ಆಮೇಲೆ ತಡೆದುಕೊಳ್ಳುತ್ತದೆ, ಪೆಟ್ಟು ನಿಲ್ಲದೇ ಹೋದರೆ ಕೊನೆಗೆ ಸೋಲುತ್ತದೆ. 1990ರ ದಶಕದಲ್ಲಿ ಅಮೆರಿಕದ ಬ್ರೂಸ್ ಮೆಕ್‌ಇವೆನ್ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿದರು. ಅಪಾಯದ ಹೊತ್ತಿನಲ್ಲಿ ಮೈಯಲ್ಲಿ ಏರುವ ಅಡ್ರಿನಲಿನ್, ಕಾರ್ಟಿಸೋಲ್‌ಗಳು ನಮ್ಮನ್ನು ಕಾಯುವಂಥವೇ. ಅಪಾಯ ಕಳೆದ ಮೇಲೆ ಅವು ಇಳಿಯಬೇಕು. ಇಳಿಯಲು ಅವಕಾಶವೇ ಸಿಗದಿದ್ದರೆ ಅದೇ ರಾಸಾಯನಿಕಗಳು ರಕ್ತನಾಳ, ನಿದ್ದೆ, ನೆನಪಿನ ಶಕ್ತಿ, ರೋಗನಿರೋಧಕ ಶಕ್ತಿ ಎಲ್ಲವನ್ನೂ ಸವೆಸುತ್ತವೆ.

ಹಾಗಾಗಿ ಒತ್ತಡ ಎಷ್ಟಿದೆ ಎಂದು ಕೇಳಿದರೆ ಸಾಲದು, ಅದು ಇಳಿಯುವುದು ಯಾವಾಗ ಎಂದೂ ಕೇಳಬೇಕು. ಜರ್ಮನಿಯ ಸಬೀನ ಸೊನೆನ್‌ಟಾಗ್ ಈ ಒಂದು ಪ್ರಶ್ನೆಯ ಮೇಲೆ ದಶಕಗಳಿಂದ ಕೆಲಸ ಮಾಡಿದ್ದಾರೆ. ಸಂಜೆ ಮನೆಗೆ ಬಂದ ಮೇಲೆ ಮನಸ್ಸನ್ನೂ ಕಚೇರಿಯಿಂದ ಬಿಡಿಸಿಕೊಳ್ಳಬಲ್ಲವರಿಗೆ ದಣಿವು ಕಡಿಮೆ, ನಿದ್ದೆ ಚೆನ್ನ ಎಂಬುದು ಆ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಮೈ ಸೋಫಾದ ಮೇಲಿದ್ದು ಮನಸ್ಸು ನಾಳೆಯ ಮೀಟಿಂಗಿನಲ್ಲಿದ್ದರೆ ಅದು ವಿಶ್ರಾಂತಿಯಲ್ಲ. ರಾತ್ರಿ ಹತ್ತಕ್ಕೆ ಬರುವ ಒಂದು ವಾಟ್ಸಾಪ್ ಸಂದೇಶಕ್ಕೆ ಉತ್ತರಿಸಲು ಎರಡೇ ನಿಮಿಷ ಸಾಕಾಗಬಹುದು. ಅದು ಬರಬಹುದೆಂದು ಕಾಯುತ್ತ ಕೂರುವುದಕ್ಕೆ ಇಡೀ ಸಂಜೆ ಹೋಗುತ್ತದೆ.

ಇನ್ನು ಕೋಚಿಂಗ್ ಮನೋವಿಜ್ಞಾನದ ಕಡೆ ಬರೋಣ. ಅದು ಹುಟ್ಟಿದ್ದು ಆಟದ ಮೈದಾನದಲ್ಲಿ. 1925ರಲ್ಲಿ ಕೋಲ್ಮನ್ ಗ್ರಿಫಿತ್ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕ್ರೀಡಾಪಟುಗಳ ಮನಸ್ಸನ್ನು ಅಭ್ಯಾಸ ಮಾಡುವ ಪ್ರಯೋಗಾಲಯ ತೆರೆದರು, ಮರುವರ್ಷ ಕೋಚಿಂಗಿನ ಮನಶ್ಶಾಸ್ತ್ರದ ಮೇಲೆ ಪುಸ್ತಕವನ್ನೂ ಬರೆದರು. 1938ರಲ್ಲಿ ಷಿಕಾಗೊ ಕಬ್ಸ್ ಎಂಬ ಬೇಸ್‌ಬಾಲ್ ತಂಡ ಅವರನ್ನು ಕರೆಸಿಕೊಂಡಿತು. ಆದರೆ ತಂಡದ ಮ್ಯಾನೇಜರ್‌ಗೆ ಅವರ ಮಾತು ಹಿಡಿಸಲಿಲ್ಲ, ಆ ಕೆಲಸ ಫಲ ಕೊಡಲಿಲ್ಲ. ಮೇಲಿನವರ ಮನಸ್ಸಿಲ್ಲದೆ ಕೆಳಗಿನವರ ಮನಸ್ಸನ್ನು ಸರಿಮಾಡಲು ಹೊರಟರೆ ಏನಾಗುತ್ತದೆ ಎಂಬುದು ಆಗಲೇ ಕಂಡಿತ್ತು.

ನಿಜವಾದ ತಿರುವು ಬಂದದ್ದು ಟೆನಿಸ್ ಅಂಕಣದಲ್ಲಿ. ತಿಮೊಥಿ ಗಾಲ್ವೆ ಕ್ಯಾಲಿಫೋರ್ನಿಯಾದಲ್ಲಿ ಟೆನಿಸ್ ಕಲಿಸುತ್ತಿದ್ದವರು. ರ‍್ಯಾಕೆಟ್ ಹಿಂದಕ್ಕೆ ತಗೊ, ಮಂಡಿ ಬಗ್ಗಿಸು, ಮಣಿಕಟ್ಟು ಗಟ್ಟಿ ಹಿಡಿ ಎಂದು ಹೇಳಿದಷ್ಟೂ ಶಿಷ್ಯರು ಬಿಗಿಯಾಗುವುದನ್ನು ಅವರು ಗಮನಿಸಿದರು. ಹೊರಗಿನ ಕೋಚ್ ಮಾತು ನಿಲ್ಲಿಸಿದರೂ ಶಿಷ್ಯನ ತಲೆಯೊಳಗೆ ಇನ್ನೊಬ್ಬ ಕೋಚ್ ಬೈಯುತ್ತಲೇ ಇರುತ್ತಾನೆ. ಹಾಗಾಗಿ ಸೂಚನೆ ಕೊಡುವುದನ್ನು ಬಿಟ್ಟು ಒಂದು ಸಣ್ಣ ಕೆಲಸ ಹಚ್ಚಿದರು: ಚೆಂಡು ನೆಲಕ್ಕೆ ಬಡಿದಾಗ ಒಂದು ಮಾತು, ರ‍್ಯಾಕೆಟ್ಟಿಗೆ ತಾಗಿದಾಗ ಇನ್ನೊಂದು ಮಾತು, ಗಟ್ಟಿಯಾಗಿ ಹೇಳಬೇಕು, ಅಷ್ಟೇ. ಗಮನ ಚೆಂಡಿನ ಮೇಲೆ ಹೋಯಿತು, ಒಳಗಿನ ಬೈಗುಳ ನಿಂತಿತು, ಕೈ ತಾನಾಗಿ ಕಲಿಯತೊಡಗಿತು. 1974ರಲ್ಲಿ ಬಂದ ಅವರ ‘ದಿ ಇನ್ನರ್ ಗೇಮ್ ಆಫ್ ಟೆನಿಸ್’ ಪುಸ್ತಕ ಟೆನಿಸ್ ಆಡದವರ ಮನೆಗಳನ್ನೂ ಸೇರಿತು. ಒಮ್ಮೆ ಕಾರ್ ರೇಸಿನಲ್ಲಿ ಹೆಸರು ಮಾಡಿದ್ದ ಇಂಗ್ಲೆಂಡಿನ ಜಾನ್ ವಿಟ್ಮೋರ್ ಈ ವಿಚಾರವನ್ನು ಕಂಪನಿಗಳಿಗೆ ಒಯ್ದರು. ಗುರಿ ಏನು, ಈಗಿನ ಸ್ಥಿತಿ ಏನು, ಯಾವ ಯಾವ ದಾರಿಗಳಿವೆ, ಅವುಗಳಲ್ಲಿ ಯಾವುದನ್ನು ಹಿಡಿಯುತ್ತೀರಿ ಎಂಬ ನಾಲ್ಕು ಪ್ರಶ್ನೆಗಳ ಕ್ರಮವನ್ನು 1992ರ ತಮ್ಮ ಪುಸ್ತಕದಿಂದ ಜಗತ್ತಿಗೆಲ್ಲ ಪರಿಚಯಿಸಿದರು. ಇವತ್ತು ಬೆಂಗಳೂರಿನ ಯಾವುದೇ ದೊಡ್ಡ ಕಂಪನಿಯ ತರಬೇತಿಗೆ ಹೋದರೂ ಈ ನಾಲ್ಕು ಪ್ರಶ್ನೆಗಳು ಎದುರಾಗುತ್ತವೆ.

ಆದರೆ ಅಲ್ಲಿಯವರೆಗೂ ಇದು ಕಸುಬಾಗಿತ್ತು, ಶಾಸ್ತ್ರವಾಗಿರಲಿಲ್ಲ. ಅದಕ್ಕೆ ಆಂಥೊನಿ ಗ್ರಾಂಟ್ ಬರಬೇಕಾಯಿತು. ಗ್ರಾಂಟ್ ಅವರ ಬದುಕು ನನಗೆ ಬಹಳ ಇಷ್ಟ. ಹದಿಹರೆಯದಲ್ಲೇ ಶಾಲೆ ಬಿಟ್ಟು ಬಡಗಿ ಕೆಲಸ ಮಾಡಿದವರು, ನಡುವಯಸ್ಸಿನಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರು. 2000ದಲ್ಲಿ ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಕೋಚಿಂಗ್ ಮನೋವಿಜ್ಞಾನಕ್ಕೇ ಒಂದು ವಿಭಾಗ ಕಟ್ಟಿದರು. ಅದು ಈ ಬಗೆಯ ಮೊದಲ ವಿಭಾಗ. ಕೋಚಿಂಗಿನಿಂದ ಒಳ್ಳೆಯದಾಗುತ್ತದೆ ಎನ್ನುವವರು ಆಗ ಬೇಕಾದಷ್ಟಿದ್ದರು. ಅದನ್ನು ಅಳೆದು ತೋರಿಸಬೇಕು ಎಂದು ಪಟ್ಟು ಹಿಡಿದವರು ಗ್ರಾಂಟ್. 2009ರಲ್ಲಿ ಅವರು ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಸಾರ್ವಜನಿಕ ಆರೋಗ್ಯ ಸಂಸ್ಥೆಯೊಂದರ 41 ಅಧಿಕಾರಿಗಳಿದ್ದರು. ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೊದಲು ಕೋಚಿಂಗ್, ಇನ್ನೊಂದಕ್ಕೆ ಆಮೇಲೆ. ಹತ್ತು ವಾರಗಳಲ್ಲಿ ತಲಾ ನಾಲ್ಕೇ ಭೇಟಿ. ಕೋಚಿಂಗ್ ಪಡೆದವರು ತಮ್ಮ ಗುರಿಗಳತ್ತ ಹೆಚ್ಚು ಮುಂದೆ ಸಾಗಿದ್ದರು, ಕಷ್ಟವನ್ನು ತಾಳಿಕೊಳ್ಳುವ ಶಕ್ತಿ ಹೆಚ್ಚಿತ್ತು, ಖಿನ್ನತೆ ಮತ್ತು ಒತ್ತಡದ ಲಕ್ಷಣಗಳು ಇಳಿದಿದ್ದವು. ಚಿಕ್ಕ ಅಧ್ಯಯನ, ಅದೂ ಶ್ರೀಮಂತ ದೇಶದ ಮೇಲಧಿಕಾರಿಗಳ ಮೇಲೆ ನಡೆದದ್ದು. ಅದರಿಂದ ಎಲ್ಲರಿಗೂ ಅನ್ವಯಿಸುವ ತೀರ್ಮಾನ ಎಳೆಯಬಾರದು. ಆದರೂ ನಾಲ್ಕು ಭೇಟಿಗಳಲ್ಲಿ ಅಷ್ಟು ಬದಲಾವಣೆ ಕಂಡದ್ದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಆ ನಾಲ್ಕು ಭೇಟಿಗಳಲ್ಲಿ ನಡೆಯುವುದಾದರೂ ಏನು? ಇಲ್ಲಿ ಒಂದು ಉದಾಹರಣೆ ಕೊಡುತ್ತೇನೆ. ಇದು ಒಬ್ಬರ ಕತೆಯಲ್ಲ, ಹಲವರಲ್ಲಿ ಕಂಡದ್ದನ್ನು ಒಬ್ಬರಲ್ಲಿ ಕೂಡಿಸಿ ಹೇಳುತ್ತಿದ್ದೇನೆ. ಒಂದು ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿ ಎಂದುಕೊಳ್ಳಿ. ಇಪ್ಪತ್ತು ವರ್ಷ ಗಣಿತ ಪಾಠ ಮಾಡಿ ಹೆಸರು ತೆಗೆದುಕೊಂಡವರು, ಬಡ್ತಿ ಪಡೆದು ಬಂದಿದ್ದಾರೆ. ಕೋಚ್ ಬಳಿ ಬಂದ ಕೂಡಲೇ ಹೇಳುವ ಮಾತು: “ನನ್ನ ಕೈಲಿ ಏನೂ ಇಲ್ಲ ಮೇಡಂ.”

ಹಾಗನ್ನಬೇಡಿ, ಧೈರ್ಯವಾಗಿರಿ ಎಂದು ಕೋಚ್ ಹೇಳುವುದಿಲ್ಲ. “ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು ಮಾಡಿದ್ರಿ, ಒಂದೊಂದಾಗಿ ಹೇಳ್ತೀರಾ?” ಎಂದು ಕೇಳುತ್ತಾರೆ. ಮಕ್ಕಳಿಗೆ ಹಾಲು ಕೊಡಿಸಿದ್ದು, ಬಿಸಿಯೂಟದ ಅಕ್ಕಿ ಬೇಳೆ ಲೆಕ್ಕ, ಬಾರದ ಅತಿಥಿ ಶಿಕ್ಷಕರ ಪೀರಿಯಡ್ಡಿಗೆ ಬೇರೆಯವರನ್ನು ಕಳಿಸಿದ್ದು, ಆನ್‌ಲೈನಿನಲ್ಲಿ ಮಾಹಿತಿ ತುಂಬಿದ್ದು, ಸರ್ವರ್ ಸಿಗದೆ ಮತ್ತೆ ತುಂಬಿದ್ದು, ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿದರೆ ಏನು ಉತ್ತರ ಕೊಡಲಿ ಎಂಬ ಚಿಂತೆ, ರಾತ್ರಿ ಗುಂಪಿನಲ್ಲಿ ಬಂದ “ಈ ಕೂಡಲೇ ಕಳುಹಿಸುವುದು” ಎಂಬ ಸಂದೇಶ. ಎಲ್ಲವನ್ನೂ ಹಾಳೆಯ ಮೇಲೆ ಬರೆಸಿ ಕೋಚ್ ಎರಡನೇ ಪ್ರಶ್ನೆ ಕೇಳುತ್ತಾರೆ: ಇದರಲ್ಲಿ ನೀವೇ ತೀರ್ಮಾನ ಮಾಡಬಹುದಾದ್ದು ಯಾವುದು, ಯಾರನ್ನಾದರೂ ಕೇಳಿ ಬದಲಾಯಿಸಬಹುದಾದ್ದು ಯಾವುದು, ಎರಡೂ ಆಗದ್ದು ಯಾವುದು? ವಿಂಗಡಿಸುವವರು ಅವರೇ. ರಾತ್ರಿ ಬರುವ ಸಂದೇಶಗಳನ್ನು ಹಿರಿಯ ಸಹಶಿಕ್ಷಕರ ಜೊತೆ ದಿನ ಬಿಟ್ಟು ದಿನ ಹಂಚಿಕೊಳ್ಳಬಹುದು ಎಂಬುದು ಆಗ ಹೊಳೆಯುತ್ತದೆ. ಇಷ್ಟು ದಿನ ಏಕೆ ಹೊಳೆದಿರಲಿಲ್ಲ ಎಂದರೆ, ದಣಿದ ಮನಸ್ಸಿಗೆ ಎಲ್ಲವೂ ಒಂದೇ ಗೋಡೆಯಾಗಿ ಕಾಣುತ್ತದೆ.

ಮೂರನೇ ಭೇಟಿಯ ಹೊತ್ತಿಗೆ ಅವರು ಹೇಳುವುದು ಕೇಳಿ: “ಹತ್ತನೇ ಕ್ಲಾಸಿಗೆ ವಾರಕ್ಕೆರಡು ಗಣಿತ ಪೀರಿಯಡ್ ನಾನೇ ತಗೋತೀನಿ.” ಭಾರ ಹೆಚ್ಚಾಯಿತು ಎಂದು ಬಂದವರು ಇನ್ನಷ್ಟು ಕೆಲಸ ಎತ್ತಿಕೊಳ್ಳುತ್ತಿದ್ದಾರೆ! ಆದರೆ ಅದು ಅವರು ಆರಿಸಿಕೊಂಡ ಕೆಲಸ, ಅವರಿಗೆ ಚೆನ್ನಾಗಿ ಬರುವ ಕೆಲಸ, ಮಕ್ಕಳ ಮುಖ ನೋಡುತ್ತ ಮಾಡುವ ಕೆಲಸ. ಮನುಷ್ಯರ ಮನಸ್ಸು ಅರಳಲು ತನ್ನ ಇಚ್ಛೆಯಂತೆ ನಡೆಯುವ ಸ್ವಾತಂತ್ರ್ಯ, ಕೆಲಸ ಬಲ್ಲೆ ಎಂಬ ಭರವಸೆ, ಬೇರೆಯವರೊಡನೆ ನಂಟು, ಈ ಮೂರೂ ಬೇಕು ಎಂದು ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಹೇಳಿದ್ದಾರೆ. ವಾರಕ್ಕೆರಡು ಗಣಿತದ ಪೀರಿಯಡ್ಡಿನಲ್ಲಿ ಮೂರೂ ಇದ್ದವು. ಇದು ಕೋಚಿಂಗಿನ ಒಳ್ಳೆಯ ಮುಖ. ನಾನು ಇದನ್ನು ಪೂರ್ತಿಯಾಗಿ ನಂಬುತ್ತೇನೆ.

ಈಗ ಇನ್ನೊಂದು ಮುಖ. ಆ ಮುಖ್ಯೋಪಾಧ್ಯಾಯಿನಿ ಮಾಡಿದ ಪಟ್ಟಿಯಲ್ಲಿ “ಎರಡೂ ಆಗದ್ದು” ಎಂಬ ಸಾಲು ಇತ್ತಲ್ಲ, ಅದು ಹಾಗೇ ಉಳಿದಿದೆ. ಖಾಲಿ ಹುದ್ದೆ ತುಂಬಿಲ್ಲ. ರಾತ್ರಿಯ ಸಂದೇಶ ಹಂಚಿಹೋಗಿದೆ, ನಿಂತಿಲ್ಲ.

ಹೀಗೆ ಹಿಡಿತಕ್ಕೆ ಸಿಗದೆ ಉಳಿಯುವುದು ಮೈಗೆ ಏನು ಮಾಡುತ್ತದೆ ಎಂಬುದನ್ನು ಲಂಡನ್ನಿನಲ್ಲಿ ಅಳೆದಿದ್ದಾರೆ. ಅಲ್ಲಿನ ವೈಟ್‌ಹಾಲ್‌ನಲ್ಲಿ ಬ್ರಿಟಿಷ್ ಸರ್ಕಾರದ ಕಚೇರಿಗಳಿವೆ. 1967ರಿಂದ ಅಲ್ಲಿನ ಸುಮಾರು 18,000 ಗಂಡಸರ ಆರೋಗ್ಯವನ್ನು ಸಂಶೋಧಕರು ವರ್ಷಾನುಗಟ್ಟಲೆ ಗಮನಿಸಿದರು. ದೊಡ್ಡ ಹೊಣೆ ಹೊತ್ತ ಮೇಲಧಿಕಾರಿಗಳಿಗೇ ಹೃದಯಾಘಾತ ಹೆಚ್ಚು ಎಂಬುದು ಆಗಿನ ಸಾಮಾನ್ಯ ನಂಬಿಕೆ. ಕಂಡದ್ದು ತದ್ವಿರುದ್ಧ. ಹುದ್ದೆಯ ಏಣಿಯಲ್ಲಿ ಕೆಳಗೆ ಇಳಿದಷ್ಟೂ ಹೃದ್ರೋಗದ ಸಾವು ಹೆಚ್ಚು, ಎಲ್ಲಕ್ಕಿಂತ ಕೆಳಗಿನವರಲ್ಲಿ ಎಲ್ಲಕ್ಕಿಂತ ಮೇಲಿನವರ ಸುಮಾರು ಮೂರು ಪಟ್ಟು. ಬೀಡಿ ಸಿಗರೇಟು, ರಕ್ತದೊತ್ತಡ, ಕೊಬ್ಬು ಎಲ್ಲದರ ಲೆಕ್ಕ ಹಿಡಿದರೂ ಅಂತರ ಪೂರ್ತಿ ಅಳಿಯಲಿಲ್ಲ. ಮೈಕೆಲ್ ಮಾರ್ಮಟ್ ಅವರ ನೇತೃತ್ವದಲ್ಲಿ 1985ರಲ್ಲಿ ಹೆಂಗಸರನ್ನೂ ಸೇರಿಸಿ 10,308 ನೌಕರರ ಎರಡನೇ ಅಧ್ಯಯನ ಶುರುವಾಯಿತು. ಕೆಲಸ ಹೇಗೆ, ಯಾವಾಗ, ಯಾವ ಕ್ರಮದಲ್ಲಿ ಮಾಡಬೇಕು ಎಂಬುದರ ಮೇಲೆ ಹಿಡಿತ ಕಡಿಮೆ ಇದ್ದವರಿಗೆ ಹೃದ್ರೋಗದ ಸಂಭವ ಹೆಚ್ಚು ಎಂಬುದು 1997ರಲ್ಲಿ ಆ ಅಧ್ಯಯನದಿಂದ ಹೊರಬಂದ ಮುಖ್ಯ ಮಾತು. ಬೇಡಿಕೆ ಹೆಚ್ಚಿದ್ದು ಹಿಡಿತ ಕಡಿಮೆ ಇರುವ ಕೆಲಸವೇ ಮನುಷ್ಯರನ್ನು ಹಣ್ಣು ಮಾಡುವುದು ಎಂದು ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲೇ ಬರೆದಿದ್ದರು.

ಅಂಥ ಕೆಲಸಕ್ಕೆ ಸಿಟಿ ಬಸ್ಸಿನ ಚಾಲಕರಿಗಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ಇಷ್ಟು ಹೊತ್ತಿಗೆ ಇಲ್ಲಿರಬೇಕು ಎಂದು ಬರೆದುಕೊಡುವವರು ಬೇರೆ, ಟ್ರಾಫಿಕ್ ಅವರ ಕೈಯಲ್ಲಿಲ್ಲ, ತಡವಾದದ್ದಕ್ಕೆ ಪ್ರಯಾಣಿಕರ ಬೈಗುಳ ಅವರಿಗೆ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಇಂಥ ಚಾಲಕರಿಗೆ ಉಸಿರಾಟದ ವ್ಯಾಯಾಮ ಹೇಳಿಕೊಡುವ ಬದಲು ಬಸ್ಸಿನ ಮಾರ್ಗವನ್ನೇ ತಿದ್ದಿದರು. ದಟ್ಟಣೆ ತಗ್ಗಿಸುವ, ಪ್ರಯಾಣಿಕರು ಚಾಲಕರನ್ನು ಪದೇ ಪದೇ ಕೇಳಬೇಕಾಗದಂತೆ ಮಾಡುವ, ಬಸ್ ಓಡಿಸುವುದನ್ನು ಸಲೀಸಾಗಿಸುವ ಬದಲಾವಣೆಗಳು ಬಂದವು. ಆ ಮಾರ್ಗದ ಚಾಲಕರ ರಕ್ತದೊತ್ತಡ ಇಳಿಯಿತು, ಎದೆಬಡಿತ ಇಳಿಯಿತು, ಒತ್ತಡ ಕಡಿಮೆಯಾಗಿದೆ ಎಂದು ಅವರೂ ಹೇಳಿದರು. 1999ರಲ್ಲಿ ಪ್ರಕಟವಾದ ಅಧ್ಯಯನ ಇದು. ಅದಾದ ಇಪ್ಪತ್ತು ವರ್ಷಕ್ಕೆ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲೂ ಬಸ್ಸಿಗೆ ಪ್ರತ್ಯೇಕ ಲೇನ್ ಬಂತು. ಅದು ಉಳಿಯಲಿಲ್ಲ. ಆ ಲೇನನ್ನು ನಾವು ಟ್ರಾಫಿಕ್ಕಿನ ವಿಷಯ ಎಂದಷ್ಟೇ ಚರ್ಚಿಸಿದೆವು. ಚಾಲಕರ ಹೃದಯದ ವಿಷಯವೂ ಅದಾಗಿತ್ತು.

ಕಚೇರಿಗಳು ಈಗ ಇದಕ್ಕೆ ಉಲ್ಟಾ ದಾರಿ ಹಿಡಿದಿವೆ. ಕೆಲಸವನ್ನು ಇದ್ದ ಹಾಗೇ ಬಿಟ್ಟು ಕೆಲಸಗಾರರನ್ನು ತಿದ್ದುವುದು. ಧ್ಯಾನದ ಆ್ಯಪ್, ಒತ್ತಡ ನಿರ್ವಹಣೆಯ ಅರ್ಧ ದಿನದ ಶಿಬಿರ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಮಾಹಿತಿಯನ್ನು ಪರಿಶೀಲಿಸಿದರು. ಇಂಥ ಕಾರ್ಯಕ್ರಮಗಳಲ್ಲಿ ಭಾಗವಹಿಸಿದವರು ಭಾಗವಹಿಸದವರಿಗಿಂತ ಹೆಚ್ಚು ನೆಮ್ಮದಿಯಿಂದ ಇರಲಿಲ್ಲ. ಸ್ವಯಂಸೇವೆಗೆ ಅವಕಾಶ ಕೊಡುವ ಕಾರ್ಯಕ್ರಮ ಒಂದೇ ಇದಕ್ಕೆ ಹೊರತಾಗಿತ್ತು. ಕೋಚಿಂಗಿನ ಪರವಾಗಿ ಮಾತಾಡುವ ನಾನು ಈ ಫಲಿತಾಂಶವನ್ನು ಬಚ್ಚಿಡಲು ಬಯಸುವುದಿಲ್ಲ.

ಕೆಲಸದ ಗಂಟೆಗಳ ವಿಷಯಕ್ಕೆ ಬರುತ್ತೇನೆ. ವಾರಕ್ಕೆ 55 ಗಂಟೆ ಮತ್ತು ಅದಕ್ಕೂ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಟ್ಟಾಗಿ ಹೇಳಿವೆ. 2016ರ ಒಂದೇ ವರ್ಷದಲ್ಲಿ ಹೀಗೆ ಸತ್ತವರು ಜಗತ್ತಿನಲ್ಲಿ ಸುಮಾರು 7,45,000. ಇದು ಗೊತ್ತಿದ್ದೂ 2023ರ ಅಕ್ಟೋಬರಿನಲ್ಲಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂಬ ಮಾತು ಬೆಂಗಳೂರಿನ ಹಿರಿಯ ಉದ್ಯಮಿ ಎನ್.ಆರ್. ನಾರಾಯಣ ಮೂರ್ತಿಯವರಿಂದ ಬಂತು. ಮರುವರ್ಷ ಐಟಿ ನೌಕರರನ್ನು ದಿನಕ್ಕೆ 12 ಗಂಟೆಗೂ ಮೀರಿ ದುಡಿಸಲು ಅವಕಾಶ ಕೊಡುವ ತಿದ್ದುಪಡಿಯ ಪ್ರಸ್ತಾವ ನಮ್ಮ ರಾಜ್ಯದಲ್ಲೇ ಚರ್ಚೆಗೆ ಬಂತು, ನೌಕರರ ಸಂಘ ಅದನ್ನು ವಿರೋಧಿಸಿತು. ನಾರಾಯಣ ಮೂರ್ತಿಯವರ ದುಡಿಮೆಯ ಬಗ್ಗೆ ನನಗೆ ಗೌರವವಿದೆ. ಆದರೆ ತಾನು ಕಟ್ಟಿದ ಕಂಪನಿಗೆ ತಾನೇ ಗೊತ್ತುಮಾಡಿಕೊಂಡ 70 ಗಂಟೆಯೂ, ಬೇರೆಯವರ ಗಡುವಿಗೆ ತಲೆಬಾಗಿ ದುಡಿಯುವ 70 ಗಂಟೆಯೂ ಮೈಗೆ ಒಂದೇ ಅಲ್ಲ. ವೈಟ್‌ಹಾಲ್ ಕಲಿಸಿದ್ದು ಇದನ್ನೇ.

ಆಟದ ಜಗತ್ತಿನಿಂದ ಕಚೇರಿಗಳು ಕೋಚನ್ನು ತಂದುಕೊಂಡವು, ವಿಶ್ರಾಂತಿಯನ್ನು ತರಲಿಲ್ಲ. 2024ರಲ್ಲಿ ಸಿಂಗಪುರದಲ್ಲಿ ಡಿ. ಗುಕೇಶ್ ವಿಶ್ವ ಚೆಸ್ ಪಟ್ಟ ಗೆದ್ದರು, ಆಗ ಅವರಿಗೆ 18 ವರ್ಷ. ಮೊದಲ ಆಟವನ್ನೇ ಸೋತು, 14 ಆಟಗಳ ಕೊನೆಗೆ ಗೆದ್ದರು. ಅವರ ಜೊತೆಗಿದ್ದ ಮಾನಸಿಕ ತರಬೇತುದಾರರು ಪ್ಯಾಡಿ ಅಪ್ಟನ್, 2011ರಲ್ಲಿ ಭಾರತ ಕ್ರಿಕೆಟ್ ವಿಶ್ವಕಪ್ ಗೆದ್ದಾಗ ತಂಡದೊಂದಿಗೆ ಇದ್ದವರು. ಅಪ್ಟನ್ ಹೆಸರನ್ನು ಎಲ್ಲರೂ ಹೇಳುತ್ತಾರೆ. ಆ ಚೆಸ್ ಪಂದ್ಯದಲ್ಲಿ ಪ್ರತಿ ಮೂರು ಆಟಕ್ಕೆ ಒಂದು ದಿನ ಬಿಡುವು ಇತ್ತು ಎಂಬುದನ್ನು ಯಾರೂ ಹೇಳುವುದಿಲ್ಲ. ಆ ಮಟ್ಟದ ಆಟಗಾರರಿಗೆ ವಿಶ್ರಾಂತಿ ತರಬೇತಿಯ ಒಂದು ಭಾಗ, ವೇಳಾಪಟ್ಟಿಯಲ್ಲೇ ಬರೆದಿರುತ್ತದೆ. ನಮ್ಮ ಪ್ರಾಜೆಕ್ಟ್ ಮ್ಯಾನೇಜರುಗಳ ವೇಳಾಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ.

ಕೋಚಿಂಗಿನ ಇನ್ನೊಂದು ಎಲ್ಲೆಯನ್ನೂ ಹೇಳಲೇಬೇಕು. ಬರ್ನ್‌ಔಟ್ ಎನ್ನುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವಿವರಿಸಿತು. ನಿಭಾಯಿಸಲಾಗದೆ ಉಳಿದುಹೋದ ಕೆಲಸದ ಒತ್ತಡದಿಂದ ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಕೈಲಾಗುತ್ತಿಲ್ಲ ಎನಿಸುವುದು ಅದರ ಲಕ್ಷಣಗಳು. ಅದು ವೃತ್ತಿಗೆ ಸಂಬಂಧಿಸಿದ ಸ್ಥಿತಿ, ಕಾಯಿಲೆಯಲ್ಲ ಎಂದೂ ಹೇಳಿತು. ಖಿನ್ನತೆ ಹಾಗಲ್ಲ, ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ನಮ್ಮ ಕೊಡಗಿನ ಮೂಲದ ಕ್ರಿಕೆಟಿಗ ರಾಬಿನ್ ಉತ್ತಪ್ಪ 2009ರಿಂದ 2011ರವರೆಗೆ ತಾವು ಖಿನ್ನತೆಯಿಂದ ಬಳಲಿದ್ದನ್ನು, ಬದುಕು ಕೊನೆಗೊಳಿಸುವ ಯೋಚನೆಗಳು ಬರುತ್ತಿದ್ದುದನ್ನು 2020ರಲ್ಲಿ ಎಲ್ಲರೆದುರು ಹೇಳಿಕೊಂಡರು. ಅಂಥ ಸ್ಥಿತಿಯಲ್ಲಿರುವವರಿಗೆ ಗುರಿ ಏನು, ದಾರಿ ಯಾವುದು ಎಂದು ಕೇಳುತ್ತ ಕೂರುವುದು ಅನ್ಯಾಯ. ಎದುರಿಗಿರುವವರನ್ನು ಯಾವಾಗ ವೈದ್ಯರ ಬಳಿ ಕಳಿಸಬೇಕು ಎಂದು ತಿಳಿಯದವರು ಕೋಚ್ ಆಗಬಾರದು. ನಮ್ಮ ದೇಶದಲ್ಲಿ ಕೋಚ್ ಎಂದು ಬೋರ್ಡು ಹಾಕಿಕೊಳ್ಳಲು ಯಾವ ಪರವಾನಗಿಯೂ ಬೇಕಿಲ್ಲ. ಹಾಗಾಗಿ ನಿಮ್ಮ ಮುಂದೆ ಕೂತವರು ಏನು ಓದಿದ್ದಾರೆ, ಯಾರ ಕೈಕೆಳಗೆ ಕಲಿತಿದ್ದಾರೆ ಎಂದು ಸಂಕೋಚವಿಲ್ಲದೆ ಕೇಳಿ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಾದರೆ, ಬದುಕು ಸಾಕು ಎನಿಸಿದರೆ ಕೋಚ್ ಹತ್ತಿರ ಹೋಗಬೇಡಿ, 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸೇವೆ ಅದು. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು.

ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ನಾನು ಹೇಳಿದ ಅಧ್ಯಯನಗಳು ಬಹುಪಾಲು ಸಿಡ್ನಿ, ಲಂಡನ್, ಸ್ಟಾಕ್‌ಹೋಮಿನಂಥ ಹೊರದೇಶದ ಊರುಗಳವು. ನಮ್ಮ ಬಸ್ ಚಾಲಕರ, ಆಶಾ ಕಾರ್ಯಕರ್ತೆಯರ, ಅತಿಥಿ ಉಪನ್ಯಾಸಕರ, ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಒತ್ತಡವನ್ನು ಇಷ್ಟೇ ತಾಳ್ಮೆಯಿಂದ, ಅವರ ಭಾಷೆಯಲ್ಲೇ ಕೇಳಿ ಬರೆಯುವ ಕೆಲಸ ನಿಮಗಾಗಿ ಕಾದಿದೆ.

ಸಂಸ್ಥೆಗಳನ್ನು ನಡೆಸುವವರೂ ಈ ಸಭೆಯಲ್ಲಿದ್ದೀರಿ. ನಿಮ್ಮ ನೌಕರರಿಗೆ ಕೋಚ್ ಕರೆಸುವ ಮುನ್ನ ಅವರನ್ನೇ ಕೂರಿಸಿಕೊಂಡು ಎರಡು ಮಾತು ಕೇಳಿ: ನಿಮ್ಮ ಕೆಲಸದಲ್ಲಿ ನೀವೇ ತೀರ್ಮಾನಿಸಬಹುದಾದ್ದು ಏನಿದೆ? ಕೆಲಸ ಮುಗಿದ ಮೇಲೆ ನಿಮ್ಮನ್ನು ಯಾರೂ ಕರೆಯದ ಹೊತ್ತು ಯಾವುದು? ಬಂದ ಉತ್ತರಗಳನ್ನು ಬರೆದಿಟ್ಟುಕೊಳ್ಳಿ, ನಿಮ್ಮ ಕೈಯಲ್ಲಿ ಇರುವುದನ್ನು ಮೊದಲು ಸರಿಪಡಿಸಿ. ಆಮೇಲೂ ಉಳಿಯುವುದಕ್ಕೆ ನಮ್ಮನ್ನು ಕರೆಯಿರಿ, ಬರುತ್ತೇವೆ.